ಗಾಳಿಗೆ ಪಾಲುಪಟ್ಟಿ ಇಲ್ಲ

ಇಂಗ್ಲೆಂಡಿನ ನಟ್‌ಫೀಲ್ಡ್ ಸ್ಟೇಷನ್ನಿನಲ್ಲಿ ಇಳಿದವರು ನಾವಿಬ್ಬರೇ. ಕ್ರಾಯ್ಡನ್ನಿನಲ್ಲಿ ಕೆಲಸಕ್ಕಿರುವ ಅಕ್ಕನ ಮಗ, ಅವನ ಹಿಂದೆ ಮಂಕಿ ಟೋಪಿ ಹಾಕಿಕೊಂಡ ನಾನು. ರೆಡ್‌ಹಿಲ್‌ನಲ್ಲಿ ರೈಲು ಬದಲಿಸಿದರೆ ಇದು ಮುಂದಿನ ಸ್ಟೇಷನ್. ಇಲ್ಲಿಂದ ದಕ್ಷಿಣಕ್ಕೆ ನಡೆದರೆ ಔಟ್‌ವುಡ್ ಅನ್ನುವ ಹಳ್ಳಿ. ಅಲ್ಲಿ 1665ರಲ್ಲಿ ಕಟ್ಟಿದ ಗಾಳಿಗಿರಣಿಯಿದೆ.

"ಚಿತ್ರದುರ್ಗದೋರು ಫ್ಯಾನು ನೋಡೋಕೆ ಇಷ್ಟು ದೂರ ಬಂದ್ರಿ ಅಂದ್ರೆ ಅಮ್ಮ ನಗ್ತಾಳೆ ಮಾವ" ಅಂದ.

ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ. ನಮ್ಮ ಗುಡ್ಡಗಳ ಮೇಲೆ ಬಿಳಿ ಫ್ಯಾನುಗಳು ಸಾಲಾಗಿ ನಿಂತಿವೆ. ಆದರೆ ಅವು ಕರೆಂಟು ಕೊಡುತ್ತವೆ, ಹಿಟ್ಟು ಕೊಡುವುದಿಲ್ಲ. ನನಗೆ ಹಿಟ್ಟಿನ ಗಾಳಿಗಿರಣಿಯ ಹುಚ್ಚು ಹತ್ತಿದ್ದು ನಮ್ಮ ಭಾಷೆಯ ಒಂದೇ ಒಂದು ಮಾತಿನಿಂದ. ಗಾಳಿಯೂ ಬೀಸುತ್ತದೆ, ಅಜ್ಜಿ ರಾಗಿಯನ್ನೂ ಬೀಸುತ್ತಿದ್ದಳು. ಎರಡಕ್ಕೂ ಒಂದೇ ಕ್ರಿಯಾಪದ ಇಟ್ಟುಕೊಂಡ ನಾವು ಗಾಳಿಯಿಂದ ರಾಗಿ ಬೀಸಿಸುವ ಯೋಚನೆಯನ್ನು ಮಾಡದೆ ಹೋದೆವಲ್ಲ ಎಂದು ಎಷ್ಟೋ ಸಲ ಅನ್ನಿಸಿದೆ.

ದಾರಿಯುದ್ದಕ್ಕೂ ಕೆಸರು. ಈ ಸೀಮೆಯದು ಜೇಡಿಮಣ್ಣಿನ ನೆಲ. ನಮ್ಮ ಎರೆಹೊಲದಲ್ಲಿ ಮಳೆ ಬಂದ ಮಾರನೇ ದಿನ ನಡೆದ ಹಾಗೆ, ಹತ್ತು ಹೆಜ್ಜೆಗೊಮ್ಮೆ ಬೂಟು ಎರಡು ಕೆ.ಜಿ. ಭಾರವಾಗುತ್ತಿತ್ತು. ಇದರಲ್ಲಿ ಗೋಧಿ ಮೂಟೆ ತುಂಬಿದ ಗಾಡಿಯನ್ನು ಕುದುರೆಗಳು ಹೇಗೆ ಎಳೆದವೋ. ಬಯಲಿನಲ್ಲಿ ಆ ಕಟ್ಟಡ ಕಂಡಾಗ ಕಾಲು ಸೋತಿತ್ತು. ಗೇಟು ಮುಚ್ಚಿತ್ತು. ತೆರೆಯುವ ದಿನ ನೋಡಿಕೊಂಡು ಬರದೇ ಇದ್ದದ್ದು ನನ್ನದೇ ತಪ್ಪು. ಹೊರಗಿನಿಂದಲೇ ನೋಡಿದೆವು.

ಇದು ಕಂಬದ ಗಿರಣಿ. ನಡುವೆ ಒಂದು ದಪ್ಪ ಓಕ್ ಕಂಬ, ಅದಕ್ಕೆ ಓರೆಯಾಗಿ ಆಸರೆ ಕೊಟ್ಟ ತೊಲೆಗಳು. ರೆಕ್ಕೆ, ಹಲ್ಲುಚಕ್ರ, ಬೀಸುವ ಕಲ್ಲು, ಕಾಳಿನ ಮೂಟೆ, ಗಿರಣಿಯವನು, ಎಲ್ಲವನ್ನೂ ಹೊತ್ತ ಮರದ ಮನೆ ಆ ಕಂಬದ ನೆತ್ತಿಯ ಮೇಲೆ ಕೂತಿರುತ್ತದೆ. ಗಾಳಿ ದಿಕ್ಕು ಬದಲಿಸಿದರೆ ಹಿಂಬದಿಯ ಉದ್ದನೆಯ ತೊಲೆಗೆ ಬಲ ಕೊಟ್ಟು ಇಡೀ ಮನೆಯನ್ನೇ ಗಾಳಿಗೆ ಎದುರು ತಿರುಗಿಸಬೇಕು. ಬೀಸುಕಲ್ಲಿನ ಗೂಟದ ಸುತ್ತ ಮೇಲಿನ ಕಲ್ಲು ತಿರುಗುತ್ತದಲ್ಲ, ಇಲ್ಲಿ ಕಲ್ಲಿರುವ ಮನೆಯೂ ತಿರುಗುತ್ತದೆ. ಮೈಮರೆತರೆ ಕೆಟ್ಟಿತು. ಬಿರುಗಾಳಿ ಬೆನ್ನ ಕಡೆಯಿಂದ ಹೊಡೆದರೆ ರೆಕ್ಕೆಗಳೇ ಕಿತ್ತುಬರಬಹುದು. ಜೋರು ಗಾಳಿಯಲ್ಲಿ ಬ್ರೇಕು ಹಿಡಿದರೆ ಮರಕ್ಕೆ ಮರ ಉಜ್ಜಿ ಬೆಂಕಿ ಹತ್ತಬಹುದು. ಹಾಗೆ ಸುಟ್ಟುಹೋದ ಗಿರಣಿಗಳು ಈ ದೇಶದಲ್ಲಿ ಕಡಿಮೆಯೇನಲ್ಲ. ಕಲ್ಲು ಸವೆದಾಗ ಮೇಲಿನದನ್ನು ಎತ್ತಿ ಮಗುಚಿ, ಗೀರುಗಳನ್ನು ಮತ್ತೆ ಕೊರೆಯಬೇಕು. ನಮ್ಮೂರಿಗೂ ಕಲ್ಲಿಗೆ ಉಳಿ ಹೊಡೆಯುವವರು ಬರುತ್ತಿದ್ದರು. ಆ ಟಕಟಕ ಸದ್ದಿಗೆ ಮಕ್ಕಳೆಲ್ಲ ಸುತ್ತ ಕೂರುತ್ತಿದ್ದೆವು.

ಇದನ್ನು ಕಟ್ಟಿಸಿದವನು ನಟ್‌ಫೀಲ್ಡಿನ ಗಿರಣಿಗಾರ ಥಾಮಸ್ ಬಜೆನ್. ನಾವು ರೈಲಿಳಿದದ್ದು ಅವನ ಊರಲ್ಲೇ. 1665 ಅಂದರೆ ಲಂಡನ್ನಿನಲ್ಲಿ ಪ್ಲೇಗಿನ ವರ್ಷ. ಮಾರನೇ ವರ್ಷ ಸೆಪ್ಟೆಂಬರಿನಲ್ಲಿ ಆ ನಗರ ಹೊತ್ತಿ ಉರಿದಾಗ, ಊರಿನವರು ಈ ಗಿರಣಿಯ ಮಾಡು ಹತ್ತಿ ಉತ್ತರದ ಆಕಾಶದ ಕೆಂಪನ್ನು ನೋಡಿದರಂತೆ. ನಾಯಿ ಅಡ್ಡಾಡಿಸಲು ಬಂದ ಮುದುಕರೊಬ್ಬರು ನಿಂತು ಇದನ್ನೇ ಹೇಳಿದರು, ತಾನೇ ಕಣ್ಣಾರೆ ಕಂಡಂತೆ ಕೈಯೆತ್ತಿ ತೋರಿಸಿ. ನಡುವೆ ಗುಡ್ಡಗಳ ಸಾಲು ಇದೆ. ಜ್ವಾಲೆ ಕಂಡಿರಲಾರದು, ಬೆಳಕು ಕಂಡಿರಬಹುದು. ಆ ಬೆಂಕಿ ಹುಟ್ಟಿದ್ದು ಪುಡ್ಡಿಂಗ್ ಲೇನಿನ ಬೇಕರಿಯೊಂದರಲ್ಲಿ. ಹಿಟ್ಟಿನವರು ರೊಟ್ಟಿಯವನ ಬೆಂಕಿ ನೋಡಿದ ಕಥೆ ಎಂದುಕೊಂಡು ನಂಬಿಬಿಟ್ಟೆ.

ಆಮೇಲೆ ಮುದುಕರು ಪಕ್ಕದ ಖಾಲಿ ಜಾಗ ತೋರಿಸಿದರು. ನಾನು ಬಂದದ್ದೇ ಇದಕ್ಕೆ. ತಲೆಮಾರುಗಳು ಕಳೆದು ಬಜೆನ್ ಮನೆತನದಲ್ಲಿ ಇಬ್ಬರು ಅಣ್ಣತಮ್ಮಂದಿರಿಗೆ ಜಗಳ ಬಂತಂತೆ. ಒಬ್ಬ ಹಳೆಯದರ ಮಗ್ಗುಲಲ್ಲೇ, ಅದರ ವ್ಯಾಪಾರ ಮುರಿಯಲೆಂದೇ, ಇನ್ನೊಂದು ಗಿರಣಿ ಎಬ್ಬಿಸಿದ. ಜಗಳದ ವಿವರ ಊರ ಬಾಯಲ್ಲಿ ಉಳಿದ ಮಾತು. ಗಿರಣಿ ಎದ್ದದ್ದು ಮಾತ್ರ ನಿಜ. ವರ್ಷ 1797. ಅತ್ತ ಫ್ರಾನ್ಸಿನೊಂದಿಗೆ ಯುದ್ಧ, ಇತ್ತ ನಮ್ಮಲ್ಲಿ ಶ್ರೀರಂಗಪಟ್ಟಣ ಬೀಳಲು ಇನ್ನೆರಡು ವರ್ಷ. ಹೊಸದು ಬೇರೆ ಜಾತಿಯದು, ಹಳೆಯದಕ್ಕಿಂತ ಎತ್ತರ. ನಿಲುವಂಗಿ ತೊಟ್ಟವರ ಹಾಗೆ ಕೆಳಗೆ ಅಗಲ, ಮೇಲೆ ಕಿರಿದು. ಅದರಲ್ಲಿ ಮೈ ಅಲ್ಲಾಡದು, ನೆತ್ತಿಯ ಟೋಪಿ ಮಾತ್ರ ಗಾಳಿಗೆ ತಿರುಗುತ್ತದೆ.

ನನಗೆ ನಗು ಬಂತು. ದಾಯಾದಿ ಜಗಳಕ್ಕೆ ದೇಶಭಾಷೆಯಿಲ್ಲ. ನಮ್ಮಲ್ಲಿ ಪಾಲಾದಾಗ ಹೊಲಕ್ಕೆ ಬದು ಬೀಳುತ್ತದೆ, ಬಾವಿಗೆ ಸರದಿ ಬರುತ್ತದೆ, ಹುಣಸೆಮರದ ಫಸಲನ್ನೂ ಹಂಚುತ್ತಾರೆ. ಗಾಳಿಗೆ ಎಲ್ಲಿ ಬದು ಹಾಕುವುದು? ಎತ್ತರದ ಗಿರಣಿ ಮಗ್ಗುಲಲ್ಲಿ ನಿಂತರೆ ಒಂದು ದಿಕ್ಕಿನ ಗಾಳಿಯಾದರೂ ಇನ್ನೊಂದಕ್ಕೆ ತಪ್ಪುತ್ತದೆ. ಅಡ್ಡ ನಿಲ್ಲಿಸಿದವನಿಗೆ ಆ ಲೆಕ್ಕ ಗೊತ್ತಿರಲಿಲ್ಲ ಅಂತ ನನಗನ್ನಿಸುವುದಿಲ್ಲ.

"ಪಕ್ಕದ ಸೈಟಲ್ಲಿ ಮೂರು ಅಂತಸ್ತು ಎಬ್ಬಿಸಿ ಬಿಸಿಲು ತಡೆದ ಹಾಗೆ" ಅಂದ ಅಕ್ಕನ ಮಗ. ಬೆಂಗಳೂರಿನ ಅವನ ಅಪ್ಪನ ಸೈಟಿನ ಕಥೆ ಅದು. ನಾನು ಸುಮ್ಮನಾದೆ.

ಎರಡೂ ಒಟ್ಟಿಗೆ ನೂರಕ್ಕೂ ಮಿಕ್ಕಿ ವರ್ಷ ನಿಂತವು. ಹಳೆಯದು ಬಜೆನ್‌ರ ಕೈಬಿಟ್ಟು ಮುಂದೆ ಜಪ್ ಮನೆತನಕ್ಕೆ ಬಂತು. ಅಷ್ಟರಲ್ಲಿ ಹಡಗಿನಲ್ಲಿ ಅಮೆರಿಕದ ಗೋಧಿ ಬರತೊಡಗಿತ್ತು. ಬಂದರುಗಳಲ್ಲಿ ಉಕ್ಕಿನ ಉರುಳೆಗಳ ದೊಡ್ಡ ಗಿರಣಿಗಳು ಎದ್ದು, ಬಿಳಿ ಹಿಟ್ಟು ಅಗ್ಗವಾಯಿತು. ಹಳ್ಳಿಯ ಗಾಳಿಗಿರಣಿಗಳಿಗೆ ಉಳಿದದ್ದು ಹೆಚ್ಚಾಗಿ ದನಕರು, ಹಂದಿಗಳ ಮೇವಿಗೆ ನುಚ್ಚು ಒಡೆಯುವ ಕೆಲಸ. ಹಗೆತನದ ಆ ಎತ್ತರದ ಗಿರಣಿ 1960ರ ನವೆಂಬರಿನಲ್ಲಿ ಕುಸಿದು ಬಿತ್ತು. ಗಿಡ್ಡದು ನಿಂತಿದೆ.

ಬೇಲಿಯ ಪಕ್ಕ ಕೂತು ಡಬ್ಬಿಯಲ್ಲಿದ್ದ ಚಪಾತಿ, ಶೇಂಗಾ ಚಟ್ನಿ ತಿಂದೆವು. ಒಂದು ಚೂರು ಗಾಳಿಯಿರಲಿಲ್ಲ. ತಲೆಯ ಮೇಲೆ ಗ್ಯಾಟ್ವಿಕ್ ಕಡೆಗೆ ವಿಮಾನಗಳು ಒಂದರ ಹಿಂದೊಂದು ಇಳಿಯುತ್ತಿದ್ದವು. ಗಾಳಿ ಏಳಲಿ ಎಂದು ಅರ್ಧ ಗಂಟೆ ಕಾದೆ, ಎದ್ದರೂ ರೆಕ್ಕೆ ಕಟ್ಟಿಹಾಕಿರುತ್ತಾರೆ ಎಂದು ಗೊತ್ತಿದ್ದೂ.

ಮರಳಿ ಸ್ಟೇಷನ್ ತಲುಪುವಾಗ ರೈಲು ಹೊರಟುಹೋಗಿತ್ತು. ಬೆಂಚಿನ ಮೇಲೆ ಕೂತು ಕಡ್ಡಿಯಿಂದ ಬೂಟಿನ ಮಣ್ಣು ಕೆರೆಯತೊಡಗಿದೆವು. ಆಗ ಹಳಿಯಾಚೆಯ ಮರಗಳು ಒಮ್ಮೆಲೇ ಸುಂಯ್ ಎಂದವು. ಅಕ್ಕನ ಮಗ ನನ್ನ ಮುಖ ನೋಡಿ, "ಬೇಡ ಮಾವ, ವಾಪಸ್ ನಡೆಯೋಕೆ ನನ್ ಕೈಲಾಗಲ್ಲ" ಅಂದ.