ಮುಚ್ಚಳ ಕಿರುಬೆರಳಲ್ಲೇ ಇರಲಿ

ಬ್ಯಾಕ್ಟೀರಿಯಾ ಬೆಳೆಸುವ ಲ್ಯಾಬಿಗೆ ಹೊಸದಾಗಿ ಬಂದವರಿಗೆ ನಾನು ಮೊದಲು ಹೇಳಿಕೊಡುವುದು ಗಾಳಿಯ ಬಗ್ಗೆ. ಗಾಳಿಯಲ್ಲಿರುವ ಬ್ಯಾಕ್ಟೀರಿಯಾ ಹೆಚ್ಚಾಗಿ ದೂಳಿಗೋ, ನಮ್ಮ ಚರ್ಮದಿಂದ ಉದುರಿದ ಹೊಟ್ಟಿಗೋ ಅಂಟಿಕೊಂಡಿರುತ್ತವೆ. ಆ ಕಣಗಳು ಮೆಲ್ಲಗೆ ಕೆಳಗೆ ಇಳಿಯುತ್ತವೆ. ಇದೊಂದು ತಲೆಗೆ ಹೋದರೆ ಮುಕ್ಕಾಲು ನಿಯಮಗಳನ್ನು ಬಾಯಿಪಾಠ ಮಾಡುವುದೇ ಬೇಡ.

1887ರಲ್ಲಿ ಜೂಲಿಯಸ್ ರಿಚರ್ಡ್ ಪೆಟ್ರಿ ವಿವರಿಸಿದ ತಟ್ಟೆಯ ಜಾಣತನವೂ ಇದೇ. ಮುಚ್ಚಳ ತಟ್ಟೆಗಿಂತ ಸ್ವಲ್ಪ ದೊಡ್ಡದು, ಅಂಚು ಕೆಳಗಿಳಿದಿರುತ್ತದೆ. ಅದನ್ನು ಪೂರ್ತಿ ತೆಗೆದು ಮೇಜಿನ ಮೇಲೆ ಇಡಬೇಡಿ. ಒಂದು ಬದಿ ಮಾತ್ರ ಎತ್ತಿ, ಕೊಡೆಯ ಹಾಗೆ ಅಗಾರ್ (ಬ್ಯಾಕ್ಟೀರಿಯಾ ಬೆಳೆಯುವ ಜೆಲ್ಲಿ) ಮೇಲೆಯೇ ಹಿಡಿದುಕೊಳ್ಳಿ. ಫ್ಯಾನ್ ಆಫ್ ಇರಲಿ, ಮಾತು ಆಮೇಲೆ. ಬನ್ಸೆನ್ ಬರ್ನರ್ ಪಕ್ಕದಲ್ಲೇ ಕೆಲಸ ಮಾಡಿ. ಬಿಸಿಗಾಳಿ ಮೇಲೇಳುವುದರಿಂದ ಅಲ್ಲಿ ದೂಳು ಬೀಳುವುದು ಕಡಿಮೆ.

ಇನ್ನು ಲೂಪ್, ಅಂದರೆ ಬ್ಯಾಕ್ಟೀರಿಯಾ ಎತ್ತಿ ಹಚ್ಚುವ, ತುದಿಯಲ್ಲಿ ಬಳೆಯಿರುವ ತಂತಿ. ನನಗೆ ತುಂಬಾ ಕಾಳಜಿ ಇರುವುದು ಇದರ ಬಗ್ಗೆಯೇ. ಕಲ್ಚರ್ (ನಾವು ಬೆಳೆಸಿದ ಬ್ಯಾಕ್ಟೀರಿಯಾ) ಅಂಟಿರುವ ತುದಿಯನ್ನು ನೇರ ಜ್ವಾಲೆಗೆ ಹಿಡಿದರೆ ಚಟ್ ಅಂತ ಸಿಡಿಯುತ್ತದೆ, ಬದುಕಿರುವ ಬ್ಯಾಕ್ಟೀರಿಯಾ ಹನಿಹನಿಯಾಗಿ ಹಾರುತ್ತವೆ. ಬೇಡದ ಸೂಕ್ಷ್ಮಜೀವಿ ಸೇರದಂತೆ ಕೆಲಸ ಮಾಡುವ ಈ ಅಸೆಪ್ಟಿಕ್ ಟೆಕ್ನಿಕ್ ಅಂದರೆ ಕಲ್ಚರನ್ನು ನಮ್ಮಿಂದ ಕಾಪಾಡುವುದಷ್ಟೇ ಅಲ್ವಲ್ಲ, ನಮ್ಮನ್ನೂ ಅದರಿಂದ ಕಾಪಾಡಬೇಕು. ಹಾಗಾಗಿ ಹಿಡಿಯ ಕಡೆಯ ತಂತಿಯನ್ನು ಮೊದಲು ಕಾಯಿಸಿ. ಶಾಖ ನಿಧಾನಕ್ಕೆ ತುದಿಗೆ ಹೋಗಿ ಕಲ್ಚರ್ ಒಣಗಲಿ, ಆಮೇಲೆ ಇಡೀ ತಂತಿ ಕೆಂಪಗಾಗಲಿ. ಆರಿಸಲು ಊದಬೇಡಿ, ಗಾಳಿಯಲ್ಲಿ ಬೀಸಬೇಡಿ. ಸ್ವಲ್ಪ ಕಾಯಿರಿ, ಅಗಾರ್‌ನ ಖಾಲಿ ಅಂಚಿಗೆ ಮುಟ್ಟಿಸಿ. ಚುಯ್ ಅಂದರೆ ಇನ್ನೂ ಬಿಸಿ ಇದೆ ಅಂತ.

ಕಲ್ಚರ್ ಇರುವ ಟ್ಯೂಬಿನ ಮುಚ್ಚಳವನ್ನು ಲೂಪ್ ಹಿಡಿದ ಕೈಯ ಕಿರುಬೆರಳಲ್ಲೇ ತೆಗೆದು, ಅಲ್ಲೇ ಮಡಚಿ ಹಿಡಿದುಕೊಳ್ಳಬೇಕು. ಮೊದಮೊದಲು ಬೆರಳು ಮಾತು ಕೇಳುವುದಿಲ್ಲ. ಖಾಲಿ ಟ್ಯೂಬಿನಲ್ಲಿ ಅಭ್ಯಾಸ ಮಾಡಿ. ಟ್ಯೂಬನ್ನು ಓರೆಯಾಗಿ ಹಿಡಿದು, ತೆರೆದ ಕೂಡಲೇ ಒಮ್ಮೆ, ಮುಚ್ಚುವ ಮುಂಚೆ ಇನ್ನೊಮ್ಮೆ ಬಾಯನ್ನು ಜ್ವಾಲೆಗೆ ತೋರಿಸಿ.

ಮೇಜು ಒರೆಸಲು 70% ಆಲ್ಕೋಹಾಲೇ ಬೇಕು. ಜಾಸ್ತಿ ಸ್ಟ್ರಾಂಗ್ ಇದ್ದರೆ ಒಳ್ಳೆಯದು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಆದರೆ ಬ್ಯಾಕ್ಟೀರಿಯಾದ ಪ್ರೋಟೀನ್ ಕೆಡಿಸಲು ನೀರೂ ಬೇಕು. ಬ್ಯಾಸಿಲಸ್‌ನಂಥ ಬ್ಯಾಕ್ಟೀರಿಯಾಗಳ ಸ್ಪೋರ್‌ಗಳು (ಗಟ್ಟಿ ಕವಚದ ಸುಪ್ತ ರೂಪ) ಮಾತ್ರ ಇದಕ್ಕೂ ಜಗ್ಗುವುದಿಲ್ಲ, ಅವಕ್ಕೆ 121 ಡಿಗ್ರಿ ಸೆಲ್ಸಿಯಸ್‌ನ ಆಟೋಕ್ಲೇವೇ (ಒತ್ತಡದ ಹಬೆಯ ಯಂತ್ರ) ಆಗಬೇಕು. ಒರೆಸಿದ್ದು ಪೂರ್ತಿ ಒಣಗುವ ತನಕ ಬರ್ನರ್ ಹಚ್ಚಲೇಬೇಡಿ.

ಪ್ರತಿ ಸಲವೂ ಏನನ್ನೂ ಹಚ್ಚದ ಒಂದು ಪ್ಲೇಟನ್ನು ಇನ್‌ಕ್ಯುಬೇಟರ್‌ನಲ್ಲಿ (ಹದವಾದ ಬಿಸಿಯ ಪೆಟ್ಟಿಗೆ) ಜೊತೆಗಿಡಿ. ಅದರಲ್ಲೂ ಏನಾದರೂ ಬೆಳೆದರೆ ಮೀಡಿಯಾ, ಅಂದರೆ ಬೆಳೆಸಲು ಬಳಸಿದ ಅಗಾರ್ ಮೇಲೆಯೇ ಅನುಮಾನ ಪಡಬೇಕು. ಅದು ಸ್ವಚ್ಛವಾಗಿದ್ದು, ನಿಮ್ಮ ಪ್ಲೇಟಿನಲ್ಲಿ ಲೂಪಿನಿಂದ ಎಳೆದ ಸ್ಟ್ರೀಕ್ ಗೆರೆಯಿಂದಾಚೆ ಒಂಟಿ ಕಾಲನಿ (ಬ್ಯಾಕ್ಟೀರಿಯಾ ಬೆಳೆದು ಕಾಣುವ ಚುಕ್ಕೆ) ಕಂಡರೆ, ಅದು ಬಹುಶಃ ಮುಚ್ಚಳ ಎತ್ತಿದಾಗ ಬಿದ್ದದ್ದು. ಗೆರೆಯ ಉದ್ದಕ್ಕೂ ಎರಡು ಬಗೆಯ ಕಾಲನಿ ಇದ್ದರೆ ಕಲ್ಚರೇ ಬೆರಕೆಯಾಗಿರಬಹುದು. ಆಗ ಎರಡನ್ನೂ ಬೇರೆ ಬೇರೆಯಾಗಿ ಗ್ರಾಂ ಸ್ಟೇನ್ (ಬ್ಯಾಕ್ಟೀರಿಯಾದ ಬಗೆ ಗುರುತಿಸಲು ಬಣ್ಣ ಹಾಕುವ ವಿಧಾನ) ಮಾಡಿ ನೋಡಿ, ನಿಮಗೆ ಬೇಕಾದ ಕಾಲನಿಯನ್ನು ಮತ್ತೆ ಸ್ಟ್ರೀಕ್ ಮಾಡಿ.