ಇಸಿಜಿ ನಾರ್ಮಲ್ ಇದೆ, ಹೋಗಿ ಬನ್ನಿ

2025ರ ಜುಲೈನಲ್ಲಿ ನಮ್ಮ ಎನ್‌ಸಿಡಿ (ಬಿಪಿ, ಶುಗರ್‌ನಂಥ ಅಂಟದ ಕಾಯಿಲೆಗಳ) ಕ್ಲಿನಿಕ್‌ನಲ್ಲಿ ಕಾಲಿಡಲು ಜಾಗ ಇರಲಿಲ್ಲ. ಹಾಸನ ಜಿಲ್ಲೆಯಲ್ಲಿ ಚಿಕ್ಕ ವಯಸ್ಸಿನವರು ಹೃದಯಾಘಾತದಿಂದ ತೀರಿಕೊಂಡ ಸುದ್ದಿ ಜೂನ್‌ನಿಂದಲೇ ಟಿವಿಯಲ್ಲಿ ದಿನಾ ಬರುತ್ತಿತ್ತು. ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಬೆಳಿಗ್ಗೆಯೇ ಜನ ಸಾಲು ನಿಲ್ಲುತ್ತಿದ್ದರು. ಅಷ್ಟು ದೂರ ಹೋಗಲಾಗದವರು ನಮ್ಮ ಹತ್ತಿರ ಬರುತ್ತಿದ್ದರು. ನಮ್ಮದು ಪಕ್ಕದ ಜಿಲ್ಲೆಯ ತಾಲ್ಲೂಕು ಆಸ್ಪತ್ರೆ, ಮಲೆನಾಡಿನ ಕಡೆ. ಬಂದವರೆಲ್ಲ ಒಂದೇ ಮಾತು: ಸಿಸ್ಟರ್, ಒಂದು ಇಸಿಜಿ ತೆಗೆದುಬಿಡಿ.

ತೆಗೆದೆವು. ಪೇಪರ್ ರೋಲ್ ಮುಗಿಯುವ ತನಕ ತೆಗೆದೆವು. ಇಂಡೆಂಟ್ ಹಾಕಿದರೆ ಈ ತಿಂಗಳ ಕೋಟಾ ಮುಗಿದಿದೆ ಎಂದು ಸ್ಟೋರ್‌ನಿಂದ ಉತ್ತರ ಬರುತ್ತಿತ್ತು. ಪಕ್ಕದ ಪಿಎಚ್‌ಸಿಯಿಂದ ಸಾಲ ತಂದು ತೆಗೆದೆವು. ಡಾಕ್ಟರ್ ಒಂದು ಕಣ್ಣು ಹಾಯಿಸಿ ಸಹಿ ಮಾಡುತ್ತಿದ್ದರು. ನಾನು ಪೇಪರ್ ಮಡಚಿ ಕೈಗೆ ಕೊಟ್ಟು, "ನಾರ್ಮಲ್ ಇದೆ, ಏನೂ ತೊಂದರೆ ಇಲ್ಲ, ಧೈರ್ಯವಾಗಿ ಹೋಗಿ ಬನ್ನಿ" ಎನ್ನುತ್ತಿದ್ದೆ. ಹೆದರಿ ಬಂದ ಮುಖ ಸ್ವಲ್ಪ ಅರಳಿದರೆ ನನಗೂ ಸಮಾಧಾನ. ಜಯದೇವದ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದ ಸಮಿತಿ ವರದಿ ಕೊಟ್ಟು, ಹಾಸನದಲ್ಲಿ ಸಾವುಗಳು ವಿಪರೀತ ಏರಿಲ್ಲ ಎಂದ ಮೇಲೆ ಸಾಲು ಕರಗಿತು. ನಾವು ಮತ್ತೆ ಪೋರ್ಟಲ್ ಎಂಟ್ರಿ, ಕಾಯಿಲೆಯ ಅಪಾಯ ಅಳೆಯುವ ಸಿಬಾಕ್ ಫಾರಂ, ಟಾರ್ಗೆಟ್‌ಗೆ ಮರಳಿದೆವು.

ಆ ಸಾಲಿನಲ್ಲಿ ನಿಂತಿದ್ದ ಒಬ್ಬರ ಬಗ್ಗೆ ಹೇಳಬೇಕು. ಐವತ್ತು ದಾಟಿದ ಅಡಿಕೆ ತೋಟದವರು. ಶುಗರ್ ಇತ್ತು, ಬಿಪಿ ಇತ್ತು, ಎಲೆಅಡಿಕೆ ಜೊತೆ ಹೊಗೆಸೊಪ್ಪು ಇತ್ತು. ಇಷ್ಟೂ ನಮ್ಮ ಕಾರ್ಡಿನಲ್ಲಿ ಬರೆದಿತ್ತು.

ಚಳಿಗಾಲ ಶುರುವಾದ ಮೇಲೆ ಒಂದು ರಾತ್ರಿ ನನಗೆ ಕ್ಯಾಶುವಾಲ್ಟಿ ಡ್ಯೂಟಿ ಬಿದ್ದಿತ್ತು. ಮೂರೂವರೆ ಹೊತ್ತಿಗೆ ಜೀಪು ಬಂತು. ಇಳಿದವರು ಇವರೇ. ಮಗನ ಹೆಗಲ ಮೇಲೆ ಭಾರ ಹಾಕಿ ನಡೆದುಕೊಂಡೇ ಬಂದರು. ಶರ್ಟು ಬೆನ್ನಿಗೆ ಅಂಟಿತ್ತು. ಅಂಥ ಚಳಿಯಲ್ಲಿ ಅಷ್ಟು ಬೆವರು ಕಂಡರೆ ನಮಗೆ ಬೇರೆ ಏನೂ ಕೇಳಬೇಕಾಗಿಲ್ಲ. ಆದರೂ ಕೇಳಿದೆ, ಯಾವಾಗಿಂದ? ಊಟ ಆದ ಮೇಲಿಂದ, ಒಂಬತ್ತು ಗಂಟೆ ಇರಬಹುದು ಎಂದರು. ಓಂಕಾಳು ಅಗಿದಿದ್ದಾರೆ. ಸೋಡಾ ಕುಡಿದಿದ್ದಾರೆ. ಮಗ ಗ್ಯಾಸ್ ಮಾತ್ರೆ ಪ್ಯಾನ್ 40 ಕೊಟ್ಟಿದ್ದಾನೆ. ಹೊಟ್ಟೆಯ ಮೇಲ್ಭಾಗ ಹಿಂಡಿದ ಹಾಗೆ, ಗ್ಯಾಸ್ಟ್ರಿಕ್ ಅಂದುಕೊಂಡೆವು ಎಂದರು.

ಎಲೆಕ್ಟ್ರೋಡ್ ನಿಲ್ಲಲಿಲ್ಲ. ಗಾಜ್‌ನಿಂದ ಎದೆ ಒರೆಸಿ ಬಲ್ಬ್ ಹಚ್ಚಿದರೆ ಜಾರುತ್ತದೆ. ವಿ4 ಹಚ್ಚುವಷ್ಟರಲ್ಲಿ ವಿ2 ಕಳಚುತ್ತದೆ. ಆ ಬಲ್ಬುಗಳ ರಬ್ಬರ್ ಸತ್ತು ವರ್ಷವಾಯಿತು, ಬದಲಾಯಿಸಿ ಎಂದು ಬರೆದುಕೊಟ್ಟ ಕಾಗದ ಎಲ್ಲಿದೆಯೋ. ಕೊನೆಗೆ ಗ್ರೂಪ್ ಡಿ ಅಣ್ಣ ಎರಡು ಬಲ್ಬನ್ನು ಬೆರಳಿನಿಂದ ಒತ್ತಿ ಹಿಡಿದರು. ಟ್ರೇಸಿಂಗ್ ಬಂತು. ಹೃದಯದ ಕೆಳಭಾಗ ತೋರಿಸುವ 2, 3, ಎವಿಎಫ್ ಮೂರು ಲೀಡ್‌ಗಳಲ್ಲೂ ಎಸ್‌ಟಿ ಗೆರೆ ಎದ್ದು ನಿಂತಿತ್ತು, ಹೃದಯಾಘಾತದ ಗುರುತು. ಬಿಪಿ 90/60. ಮಗನ ಕೈಯಲ್ಲಿ ಪಕ್ಕದ ಮನೆಯವರು ಕೊಟ್ಟ ಸಾರ್ಬಿಟ್ರೇಟ್, ರಕ್ತನಾಳ ಹಿಗ್ಗಿಸುವ ಮಾತ್ರೆ, ಇತ್ತು, ನಾಲಿಗೆ ಕೆಳಗೆ ಇಡಲೇ ಎಂದು ಕೇಳಿದ. ಡ್ಯೂಟಿ ಡಾಕ್ಟರ್ ಕಡ್ಡಾಯ ಸೇವೆಯ ಹುಡುಗಿ, ಬಂದು ಎರಡು ತಿಂಗಳು. ಬೇಡ ಎಂದು ಜೋರಾಗಿಯೇ ಹೇಳಿದಳು. ಬಲಗಡೆ ವಿ4ಆರ್ ತೆಗೆಯಿರಿ ಸಿಸ್ಟರ್ ಎಂದಳು. ತೆಗೆದರೆ ಅಲ್ಲೂ ಎಲಿವೇಶನ್, ಗೆರೆ ಮೇಲೆದ್ದಿದೆ; ಅಂದರೆ ಹೃದಯದ ಬಲಭಾಗಕ್ಕೂ ಪೆಟ್ಟು. ಆ ಮಾತ್ರೆ ಇಟ್ಟಿದ್ದರೆ ಇದ್ದ ಬಿಪಿಯೂ ಬಿದ್ದುಹೋಗುತ್ತಿತ್ತು.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳ ಲೋಡಿಂಗ್ ಡೋಸ್ ಕೊಟ್ಟೆವು. ಇಸಿಜಿ ಹಬ್‌ಗೆ, ಅಂದರೆ ದೊಡ್ಡ ಆಸ್ಪತ್ರೆಯ ಹೃದ್ರೋಗ ತಜ್ಞರಿಗೆ, ಹೋಯಿತು. ಐಡಬ್ಲ್ಯುಎಂಐ (ಹೃದಯದ ಕೆಳಗೋಡೆಯ ಆಘಾತ), ಲೈಸ್ ಮಾಡಿ, ಅಂದರೆ ಹೆಪ್ಪು ಕರಗಿಸಿ ಎಂದು ಉತ್ತರ ಬರಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಫ್ರಿಜ್ ಪಕ್ಕದ ಕಪಾಟಿನಲ್ಲಿ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇತ್ತು. ಹೊರಗೆ ಹತ್ತಾರು ಸಾವಿರ ಬೆಲೆ ಬಾಳುವ ಇಂಜೆಕ್ಷನ್ ಅದು. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಪುಕ್ಕಟೆಯಾಗಿ ನಮ್ಮಂಥ ಆಸ್ಪತ್ರೆಗೂ ಬಂದಿದೆ. 2021ರ ಅಕ್ಟೋಬರ್ 29ರಂದು ಅಪ್ಪು 46ನೇ ವಯಸ್ಸಿಗೆ ಹೋದಾಗ ಇಡೀ ರಾಜ್ಯ ಅತ್ತಿತು. ಆ ಹೆಸರಿನಲ್ಲಿ ಒಂದು ವಯಲ್ ನಮ್ಮ ಕಪಾಟಿನಲ್ಲಿ ಇದೆ ಎಂಬುದೇ ನನಗೆ ದೊಡ್ಡ ವಿಷಯ. ಆಗ ಬೇಕಾಗಿದ್ದದ್ದು ಒಂದು ಸಹಿ ಮಾತ್ರ.

ಸಹಿ ಸಿಗಲಿಲ್ಲ. ಮಗ ಬೆಂಗಳೂರಿನ ಚಿಕ್ಕಪ್ಪನಿಗೆ ಫೋನ್ ಹಚ್ಚಿದ. ಚಿಕ್ಕಪ್ಪ, ಅಲ್ಲೇನೂ ಮಾಡಿಸಬೇಡ, ಸೀದಾ ಇಲ್ಲಿಗೆ ಕರ್ಕೊಂಡು ಬಾ ಎಂದರು. ಘಾಟಿ ರಸ್ತೆ, ಅಲ್ಲಿಗೆ ಮುಟ್ಟುವುದು ಬೆಳಗಾದ ಮೇಲೆ. ಡಾಕ್ಟರ್ ವಿವರಿಸಿದಳು. ಮಗ ತಲೆ ಅಲ್ಲಾಡಿಸಿ ಮತ್ತೆ ಫೋನ್ ಹಿಡಿದ. ಆಗ ಹೆಂಡತಿ ಒಂದು ಪ್ಲಾಸ್ಟಿಕ್ ಕವರ್ ಬಿಚ್ಚಿ ಹಾಸಿಗೆ ಮೇಲೆ ಇಟ್ಟರು. ಒಳಗೆ ಎನ್‌ಸಿಡಿ ಕಾರ್ಡ್, ಅದರ ಜೊತೆ ಜುಲೈ ತಿಂಗಳ ಇಸಿಜಿ. ಮಡಿಕೆ ಕೂಡ ಹಾಳಾಗದ ಹಾಗೆ ಇಟ್ಟಿದ್ದರು.

ಮಗ ನನ್ನ ಮುಖ ನೋಡಿದ. "ಇದು ನಾರ್ಮಲ್ ಅಂತ ನೀವೇ ಹೇಳಿದ್ದು ಅಲ್ವಾ? ರಾತ್ರಿ ನಾವು ಬರೋಣ ಅಂದ್ವಿ. ಅಪ್ಪನೇ ಬೇಡ ಅಂದ್ರು. ಹಾರ್ಟ್ ಚೆಕ್ ಮಾಡಿಸಿದೀನಿ, ಇದು ಗ್ಯಾಸೇ ಅಂದ್ರು." ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ. ನಿಜವಾಗಿ ಗೊತ್ತಿಲ್ಲದೆ ಕೇಳಿದ. ಸಿಟ್ಟು ಮಾಡಿದ್ದರೆ ಉತ್ತರ ಕೊಡುವುದು ಸುಲಭ ಇತ್ತು.

ಹಾಸಿಗೆ ಪಕ್ಕ ನಿಂತು ಹೇಳಿದೆ: ಅದು ಅವತ್ತಿನದು. ಮಲಗಿದ್ದ ಆ ಕೆಲವು ಸೆಕೆಂಡಿನದು. ರಕ್ತನಾಳದಲ್ಲಿ ಕೊಬ್ಬು ಕಟ್ಟಿರುವುದು ಅದರಲ್ಲಿ ಕಾಣದೆಯೂ ಇರಬಹುದು. ಆ ಕೊಬ್ಬಿನ ಪದರ ಒಡೆದು ರಕ್ತ ಹೆಪ್ಪುಗಟ್ಟಿದ್ದು ಇವತ್ತು ರಾತ್ರಿ. ಈಗ ಎರಡೂ ಪೇಪರ್ ಪಕ್ಕ ಪಕ್ಕ ನೋಡಿ. ಹೆಂಡತಿ ನೋಡಿದರು. ಓದು ಬಾರದವರಿಗೂ ಆ ವ್ಯತ್ಯಾಸ ಕಾಣುತ್ತದೆ. ಜುಲೈನದರಲ್ಲಿ ಗೆರೆ ಸಮ, ಇವತ್ತಿನದರಲ್ಲಿ ಗೆರೆ ಮೇಲಕ್ಕೆ ಉಬ್ಬಿದೆ. "ಎಲ್ಲಿ ಹಾಕಬೇಕು ಸಹಿ, ನಾನು ಹಾಕ್ತೀನಿ" ಎಂದು ಪೆನ್ ತಗೊಂಡರು. ಮಗ ಫೋನ್ ಕೆಳಗಿಟ್ಟ.

ಈ ಇಂಜೆಕ್ಷನ್ ಡೋಸ್ ತೂಕ ನೋಡಿ ಕೊಡುವುದು. ತೂಕ ಎಷ್ಟು? ಮಗ ಎಪ್ಪತ್ತೈದು ಎಂದ. ಕಾರ್ಡಿನಲ್ಲಿ ಹಿಂದಿನ ತಿಂಗಳು 64 ಎಂದು ಬರೆದಿತ್ತು. ಆ ಕಾರ್ಡ್ ನೋಡಿಯೇ 35 ಎಂಜಿ, 7 ಎಂಎಲ್ ಎಳೆದೆವು. ಲೈನ್‌ನಲ್ಲಿ ಡೆಕ್ಸ್‌ಟ್ರೋಸ್ ಹೋಗುತ್ತಿತ್ತು, ಅದರ ಜೊತೆ ಈ ಇಂಜೆಕ್ಷನ್ ಸೇರಬಾರದು; ಎನ್‌ಎಸ್‌ನಿಂದ (ಉಪ್ಪಿನ ದ್ರಾವಣ) ಲೈನ್ ಫ್ಲಶ್ ಮಾಡಿ ಬೋಲಸ್, ಒಂದೇ ಸಲಕ್ಕೆ ಪೂರ್ತಿ ಡೋಸ್, ಕೊಟ್ಟೆ. ಮತ್ತೆ ಫ್ಲಶ್. ಆಮೇಲೆ ಮಾನಿಟರ್ ನೋಡುತ್ತಾ ನಿಲ್ಲುವುದೊಂದೇ ಕೆಲಸ. ಸ್ವಲ್ಪ ಹೊತ್ತಿಗೆ ಕಾಂಪ್ಲೆಕ್ಸ್, ಅಂದರೆ ಬಡಿತದ ಅಲೆಗಳು ಅಗಲವಾದವು, ರಿದಮ್ ಬದಲಾಯಿತು. ಡಾಕ್ಟರ್ ಶಾಕ್ ಕೊಡುವ ಡಿಫಿಬ್ ಕಡೆ ಕೈ ಚಾಚಿದಳು. ಇದು ಎಐವಿಆರ್ ಎಂಬ ರಿದಮ್, ನಾಳ ತೆರೆದುಕೊಂಡಾಗ ಬರುವುದು, ಕಾಯೋಣ ಎಂದು ಹಬ್‌ನವರು ಫೋನ್‌ನಲ್ಲಿ ಹೇಳಿದರು. ಕಾಯ್ದೆವು. ತಾನೇ ಸೈನಸ್‌ಗೆ, ಅಂದರೆ ಸಹಜ ರಿದಮ್‌ಗೆ, ಬಂತು. ನೋವು ಕಡಿಮೆ ಆಯಿತು ಸಿಸ್ಟರ್ ಎಂದರು. ಬೆಳಕು ಹರಿಯುವ ಹೊತ್ತಿಗೆ 108ರಲ್ಲಿ ದೊಡ್ಡ ಆಸ್ಪತ್ರೆಗೆ ಶಿಫ್ಟ್ ಮಾಡಿದೆವು. ಅಲ್ಲಿ ಆಂಜಿಯೋಗ್ರಾಂ ಮಾಡಿ ಆರ್‌ಸಿಎಗೆ (ಹೃದಯದ ಬಲ ರಕ್ತನಾಳಕ್ಕೆ) ಸ್ಟೆಂಟ್ ಹಾಕಿದರು.

ಬದುಕಿದ್ದಾರೆ. ಆದರೆ ಇಎಫ್, ಹೃದಯ ರಕ್ತ ಪಂಪ್ ಮಾಡುವ ಅಳತೆ, 40 ಮಾತ್ರ. ತೋಟದ ಏರು ಹತ್ತಿದರೆ ಏದುಸಿರು. ಲೈಸಿಸ್ ಮೊದಲ ಮೂರು ಗಂಟೆಯಲ್ಲಿ ಕೊಟ್ಟಷ್ಟು ಚೆನ್ನಾಗಿ ಆಮೇಲೆ ಕೆಲಸ ಮಾಡುವುದಿಲ್ಲ. ಅವರು ಆರು ಗಂಟೆಗಿಂತ ಜಾಸ್ತಿ ಮನೆಯಲ್ಲಿ ಕೂತಿದ್ದರು. ಅದರಲ್ಲಿ ಎಷ್ಟು ಹೊತ್ತು ಓಂಕಾಳಿಗೆ ಹೋಯಿತು, ಎಷ್ಟು ಹೊತ್ತು ನನ್ನ "ನಾರ್ಮಲ್"ಗೆ ಹೋಯಿತು ಎಂದು ಬಿಡಿಸಿ ಹೇಳಲು ಬರುವುದಿಲ್ಲ.

ನನಗೆ ಬೇಸರ ಇರುವುದು ನಾವು ಆರೋಗ್ಯ ಶಿಕ್ಷಣ ಎಂದು ಕರೆಯುವ ಕೆಲಸದ ಬಗ್ಗೆ. ಸೆಪ್ಟೆಂಬರ್ 29ಕ್ಕೆ ವಿಶ್ವ ಹೃದಯ ದಿನ. ಮೇಲಿನಿಂದ ಬ್ಯಾನರ್ ಡಿಸೈನ್ ಬರುತ್ತದೆ. ಉಪ್ಪು ಕಡಿಮೆ ಮಾಡಿ, ಎಣ್ಣೆ ಕಡಿಮೆ ಮಾಡಿ, ನಡೆಯಿರಿ. ಎಲ್ಲ ಸರಿಯಾದ ಮಾತೇ. ಬ್ಯಾನರ್ ಹಿಡಿದು ಫೋಟೋ, ಫೋಟೋ ಗ್ರೂಪ್‌ಗೆ, ಸಂಖ್ಯೆ ಪೋರ್ಟಲ್‌ಗೆ. ಎಷ್ಟು ಜನರಿಗೆ ಹೇಳಿದಿರಿ ಎಂದು ರಿವ್ಯೂ ಮೀಟಿಂಗ್‌ನಲ್ಲಿ ಕೇಳುತ್ತಾರೆ. ರಾತ್ರಿ ನೋವು ಬಂದರೆ ಏನು ಮಾಡುತ್ತೀರಿ ಎಂದು ಆ ಜನರನ್ನು ಕೇಳಿದಿರಾ ಎಂದು ಯಾರೂ ಕೇಳುವುದಿಲ್ಲ. ಹೆದರಿಕೊಂಡು ತಾವಾಗಿ ಬಂದು, ನಮ್ಮ ಮುಂದೆ ಶರ್ಟು ಬಿಚ್ಚಿ ಮಲಗಿದವರಿಗಿಂತ ಕಿವಿಗೊಟ್ಟು ಕೇಳುವವರು ಬೇರೆ ಯಾರಿದ್ದಾರೆ? ಜುಲೈನಲ್ಲಿ ಅಷ್ಟು ಜನ ಹಾಗೆ ಬಂದಿದ್ದರು. ಅವರಿಗೆ ನಾವು ಧೈರ್ಯ ಮಾತ್ರ ಕೊಟ್ಟು ಕಳಿಸಿದೆವು.

ಈಗ ಪೇಪರ್ ಕೊಡುವಾಗ ನೀಲಿ ಪೆನ್ನಲ್ಲಿ ಅದರ ಮೇಲೆ ಬರೆಯುತ್ತೇನೆ: ಇದು ಇವತ್ತಿನದು ಮಾತ್ರ. ಎದೆ ಹಿಂಡಿದರೆ, ಬೆವರು ಬಂದರೆ, ಎಷ್ಟೇ ಹೊತ್ತಾಗಿರಲಿ ಬನ್ನಿ. ಬಾಯಲ್ಲೂ ಹೇಳುತ್ತೇನೆ. ನೋವು ದವಡೆಗೆ ಬರಬಹುದು, ಎಡಗೈಗೆ, ಬೆನ್ನಿಗೆ, ಹೊಟ್ಟೆಯ ಮೇಲ್ಭಾಗಕ್ಕೆ ಬರಬಹುದು. ಶುಗರ್ ಇರುವವರಿಗೆ, ಹೆಂಗಸರಿಗೆ, ನೋವೇ ಇಲ್ಲದೆ ಸುಸ್ತು, ಉಸಿರುಗಟ್ಟುವುದು ಮಾತ್ರ ಇರಬಹುದು. ನೋವು ಇಟ್ಟುಕೊಂಡೇ ಬಂದವರ ಮೊದಲ ಇಸಿಜಿ ಸರಿ ಇದ್ದರೂ ಕಳಿಸುವುದಿಲ್ಲ. ಕೂರಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೆಗೆಯುತ್ತೇವೆ. ಪೇಪರ್ ವೇಸ್ಟ್ ಎಂದು ಸ್ಟೋರ್‌ನವರು ಗೊಣಗಲಿ.

ಕಾಲನ್ನೂ ನೋಡುತ್ತೇನೆ. ಬಸ್‌ಸ್ಟ್ಯಾಂಡಿಗೆ ನಡೆಯುವಾಗ ಮೀನಖಂಡ ಹಿಡಿಯುತ್ತೆ, ಎರಡು ನಿಮಿಷ ನಿಂತರೆ ಹೋಗುತ್ತೆ ಎನ್ನುವ ಬೀಡಿ ಸೇದುವವರು ನಮ್ಮಲ್ಲಿ ಜಾಸ್ತಿ. ನರದ ದೌರ್ಬಲ್ಯ ಎಂದು ಎಣ್ಣೆ ತಿಕ್ಕಿಕೊಂಡು ವರ್ಷ ಕಳೆದಿರುತ್ತಾರೆ. ಪಾದದ ಮೇಲೆ ಬೆರಳಿಟ್ಟರೆ ಎಷ್ಟೋ ಜನಕ್ಕೆ ನಾಡಿ ಸಿಗುವುದಿಲ್ಲ. ಹೃದಯದ ನಾಳದಲ್ಲಿ ಕಟ್ಟುವ ಕೊಬ್ಬೇ ಕಾಲಿನ ನಾಳದಲ್ಲೂ ಕಟ್ಟುವುದು. ಇಂಥವರಿಗೆ ಹಾರ್ಟ್ ಇಸಿಜಿ ನಾರ್ಮಲ್ ಎಂದು ಹೇಳಿ ಕಳಿಸುವುದು ಇನ್ನೂ ಅಪಾಯ.

ಇನ್ನೊಂದು ಬದಲಾವಣೆ ಸ್ತ್ರೀಶಕ್ತಿ ಸಂಘಗಳ ಮೀಟಿಂಗ್‌ಗೆ ಹೋಗುವುದು. ಅವತ್ತು ಸಹಿ ಹಾಕಿದವರು ಯಾರು ಎಂದು ನೋಡಿದ್ದೆನಲ್ಲ. ಅಲ್ಲಿ ಉಪ್ಪಿನ ಭಾಷಣ ಐದು ನಿಮಿಷಕ್ಕೆ ಮುಗಿಸುತ್ತೇನೆ. ಉಳಿದ ಹೊತ್ತು ಪ್ರಶ್ನೆ ನನ್ನದು. ನಿಮ್ಮ ಮನೆ ಹತ್ತಿರ ಎಲ್ಲಿ ನಿಂತರೆ ಫೋನ್ ಸಿಗ್ನಲ್ ಸಿಗುತ್ತೆ? 108 ಬರಲು ತಡ ಆದರೆ ಜೀಪು ಯಾರದು? ಅದರ ಕೀ ರಾತ್ರಿ ಎಲ್ಲಿರುತ್ತೆ? ಅವರವರಲ್ಲೇ ವಾದ ಆಗುತ್ತದೆ. ಒಂದು ಊರಲ್ಲಿ ಜೀಪಿನವರೂ ಅವರ ಪಕ್ಕದ ಮನೆಯವರೂ ಮಾತು ಬಿಟ್ಟಿದ್ದರು. ರಾತ್ರಿ ಬಾಗಿಲು ಬಡಿದರೆ ತೆಗೆಯುತ್ತೇನೆ ಎಂದು ಆ ಮನೆಯ ಹೆಂಗಸು ಎಲ್ಲರ ಮುಂದೆ ಹೇಳಿದರು. ದೊಡ್ಡ ಆಸ್ಪತ್ರೆಗೆಂದು ತಾಲ್ಲೂಕು ಆಸ್ಪತ್ರೆಯ ಗೇಟು ದಾಟಿ ಮುಂದೆ ಹೋಗಬೇಡಿ, ಇಂಜೆಕ್ಷನ್ ಇಲ್ಲೇ ಇದೆ, ಆಮೇಲೆ ನಾವೇ ಕಳಿಸುತ್ತೇವೆ ಎಂದು ಎರಡೆರಡು ಸಲ ಹೇಳುತ್ತೇನೆ.

ಹಳೆಯ ಇಸಿಜಿ ಬಿಸಾಡಬೇಡಿ ಎಂದೂ ಹೇಳುತ್ತೇನೆ. ಹೊಸದರ ಪಕ್ಕ ಇಟ್ಟು ನೋಡಲು ಡಾಕ್ಟರಿಗೆ ಅದು ಬೇಕು. ಆದರೆ ನಮ್ಮದು ಥರ್ಮಲ್ ಪೇಪರ್. ಬಿಸಿಲಿಗೆ, ಸೆಕೆಗೆ ಅಕ್ಷರ, ಗೆರೆ ಎಲ್ಲ ಮಾಸಿಹೋಗುತ್ತದೆ. ಹಾಗಾಗಿ ಅಲ್ಲೇ ನಿಲ್ಲಿಸಿ ಮಗನದೋ ಮಗಳದೋ ಫೋನಿನಲ್ಲಿ ಫೋಟೋ ತೆಗೆಸುತ್ತೇನೆ, ನೀಲಿ ಪೆನ್ನಿನ ಸಾಲು ಸೇರುವ ಹಾಗೆ. ಆ ಸಾಲಿಗೆ ಒಂದು ರಬ್ಬರ್ ಸ್ಟ್ಯಾಂಪ್ ಮಾಡಿಸಿಕೊಡಿ ಎಂದು ಮೀಟಿಂಗ್‌ನಲ್ಲಿ ಕೇಳಿದೆ. ಅದಕ್ಕೆ ಹೆಡ್ ಆಫ್ ಅಕೌಂಟ್, ಅಂದರೆ ಖರ್ಚು ತೋರಿಸುವ ಲೆಕ್ಕದ ತಲೆಬರಹ, ಇಲ್ಲ ಎಂದರು. ಪೇಟೆಯಲ್ಲಿ ಮಾಡಿಸಲು ಕೊಟ್ಟಿದ್ದೇನೆ. ಶನಿವಾರ ಸಿಗುತ್ತದೆ.