ಗಾಳಿಕೊಂಡದ ನಾಲ್ಕನೇ ಕಲ್ಲು

ಮೊದಲ ಕಲ್ಲು ಎತ್ತಿದೆ. ಅಡಿಯಲ್ಲಿ ಒದ್ದೆ ಮಣ್ಣು, ಒಂದು ಸಹಸ್ರಪದಿ, ಇರುವೆಗಳ ಬಿಳಿ ಮೊಟ್ಟೆ. ಹಲ್ಲಿ ಇರಲಿಲ್ಲ. ಕಲ್ಲನ್ನು ಇದ್ದ ಹಾಗೇ ಮೆಲ್ಲಗೆ ಇಟ್ಟೆ.

ಆಂಧ್ರದ ಗಾಳಿಕೊಂಡ. ಅರಕುವಿಗೆ ಹೋಗುವ ಘಾಟಿ ರಸ್ತೆಯ ಪಕ್ಕ, ಸಂಜೆ ಹೊತ್ತು. ಜೊತೆಯವರು ಕಾಫಿ ತೋಟ ನೋಡಲು ಬಂದಿದ್ದರು. ನಾನು ಬಂದದ್ದು ಒಂದು ಹಲ್ಲಿಗಾಗಿ.

ನಾನು ಕೊಳ್ಳೇಗಾಲದ ಕಡೆಯವಳು. ನಮ್ಮೂರಿನ ಹೆಸರು ಹೊತ್ತ ನೆಲಹಲ್ಲಿಯೊಂದಿದೆ. 1870ರಲ್ಲಿ ಆ ಹೆಸರಿಟ್ಟವರು ಬೆಡ್ಡೋಮ್. ಮದ್ರಾಸ್ ಪ್ರಾಂತ್ಯದ ಅರಣ್ಯಾಧಿಕಾರಿ. ಆಗ ಕೊಳ್ಳೇಗಾಲವೂ ಮದ್ರಾಸಿಗೇ ಸೇರಿತ್ತು. 1877ರಲ್ಲಿ ಅವರು ಇನ್ನೊಂದು ನೆಲಹಲ್ಲಿಗೆ, ನಾನು ಹುಡುಕಿ ಬಂದ ಈ ಹಲ್ಲಿಗೆ, ಜೇಪೋರಿನ ಹೆಸರಿಟ್ಟರು. ರಾಜಸ್ಥಾನದ ಜೈಪುರ ಅಲ್ಲ, ಒಡಿಶಾದ ಜೇಪೋರ್. ಪಾಟಿಂಗೆ ಬೆಟ್ಟದ ಕಾಡಿನಲ್ಲಿ, 4200 ಅಡಿ ಎತ್ತರದಲ್ಲಿ, ಕಲ್ಲಿನ ಅಡಿ ಸಿಕ್ಕಿತ್ತು. ಒಂದೇ ಒಂದು. ಅದು ಲಂಡನ್ನಿನ ಮ್ಯೂಸಿಯಂ ಸೇರಿತು.

ಆಮೇಲೆ 130 ವರ್ಷಕ್ಕೂ ಜಾಸ್ತಿ ಕಾಲ ಅದು ಯಾರಿಗೂ ಕಾಣಲಿಲ್ಲ ಅಂತಾರೆ. ಈ ಮಾತು ನನಗೆ ಒಪ್ಪಿಗೆಯಿಲ್ಲ. ಸೌದೆಗೆ ಹೋದ ಹೆಂಗಸರ ಕಾಲ ಬಳಿ ಎಷ್ಟು ಸಲ ಓಡಿರಬೇಕು, ಅಲ್ವಾ? ಬರೆದಿಡುವವರಿಗೆ ಕಾಣಲಿಲ್ಲ, ಅಷ್ಟೇ. ಪಶ್ಚಿಮ ಘಟ್ಟಕ್ಕೆ ಹೋದಷ್ಟು ಜನ ಪೂರ್ವ ಘಟ್ಟಕ್ಕೆ ಹೋಗಲೇ ಇಲ್ಲ.

ಕೊನೆಗೆ ಹುಡುಕಿದವರಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಈಶಾನ್ ಅಗರ್ವಾಲ್ ಕೂಡ ಇದ್ದರು. ಹಲ್ಲಿ ಒಡಿಶಾದ ಕೋರಾಪುಟ್ ಕಡೆಯೂ ಸಿಕ್ಕಿತು, ಇಲ್ಲಿ ಗಾಳಿಕೊಂಡದಲ್ಲೂ ಸಿಕ್ಕಿತು. 2012ರಲ್ಲಿ ಅದರ ಬಗ್ಗೆ ಬರೆದರು. ಫೋಟೋ ನೋಡಿದ ದಿನ ನನಗೆ ನಿದ್ದೆ ಬರಲಿಲ್ಲ. ತಿಳಿ ಕಂದು ಮೈ, ಮೇಲೆ ಚಾಕೊಲೇಟ್ ಬಣ್ಣದ ದೊಡ್ಡ ಮಚ್ಚೆಗಳು. ಬೆನ್ನ ತುಂಬ ಜೇನುಗೂಡಿನ ಕಣ್ಣುಗಳಂತೆ ಒತ್ತಾಗಿ ಜೋಡಿಸಿದ ಅಗಲ ಹುರುಪೆಗಳು. ಮನೆ ಹಲ್ಲಿಯ ಹಾಗೆ ಗೋಡೆಗೆ ಅಂಟುವ ಬೆರಳು ಇದಕ್ಕಿಲ್ಲ. ನೆಲವೇ ಇದರ ಲೋಕ.

ಆ ನೆಲದ ಬಗ್ಗೆಯೇ ನನಗೆ ಭಯ. ಈ ಬೆಟ್ಟಗಳಲ್ಲಿ ಬಾಕ್ಸೈಟ್ ಅದಿರು ಇರುವುದು ನೆತ್ತಿಯಲ್ಲಿ. ಹಲ್ಲಿ ಬದುಕುವ ತಂಪು ಕಾಡು ಇರುವುದೂ ಮೇಲೆಯೇ. ನೆತ್ತಿ ಕೆತ್ತಿದರೆ ಅದು ಕೆಳಗಿಳಿದು ಎಲ್ಲಿಗೆ ಹೋಗಬೇಕು?

ಎರಡನೇ ಕಲ್ಲು. ಮೂರನೇ ಕಲ್ಲು. ಮೂರನೆಯದರ ಅಡಿಯಿಂದ ಪುಟ್ಟ ಕಪ್ಪೆಯೊಂದು ನೆಗೆದು ಎಲೆಗಳ ಒಳಗೆ ಸೇರಿಕೊಂಡಿತು. ಅದರ ಮನೆ ಕೆಡಿಸಿದೆ ಅನ್ನಿಸಿ ಹೊಟ್ಟೆ ಚುರುಕ್ ಎಂದಿತು.

ದಾರಿಯಲ್ಲಿ ಬಂದ ಅಜ್ಜಿಯೊಬ್ಬರು ಏನಮ್ಮಾ ಹುಡುಕ್ತಿದ್ದೀ ಎಂದು ತೆಲುಗಿನಲ್ಲಿ ಕೇಳಿದರು. ಮೊಬೈಲಿನಲ್ಲಿ ಫೋಟೋ ತೋರಿಸಿದೆ. ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದರು. ಬಲ್ಲಿ ಎಂದರು. ಹಲ್ಲಿ ಎಂದೆ. ಇಬ್ಬರೂ ನಕ್ಕೆವು.

ಕತ್ತಲಾಗುತ್ತಿತ್ತು. ಜೀಪಿನ ಹಾರ್ನ್ ಕೇಳಿಸಿತು. ನಾಲ್ಕನೇ ಕಲ್ಲಿನ ಮೇಲೆ ಕೈ ಇಟ್ಟಿದ್ದೆ. ತಣ್ಣಗಿತ್ತು, ಪಾಚಿ ಕಟ್ಟಿತ್ತು. ಎತ್ತಲಿಲ್ಲ.